ಹಾಲು, ತುಪ್ಪ ಬಿಟ್ಟವರು ಪರದೇಶದಲ್ಲಿ ಏನು ಮಾಡುವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಪೂರ್ತಿ ವೀಗನ್ ಊಟಕ್ಕೆ. ಅಂದರೆ ಮೀನು, ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ತುಪ್ಪ, ಜೇನು ಕೂಡ ಇಲ್ಲದ ಊಟ. ಉಡುಪಿ, ಮಂಗಳೂರು ಕಡೆಯಿಂದ ಹೊರದೇಶಕ್ಕೆ ಹೋದವರು, ಹೊರಟವರು, ಅವರ ಮನೆಯವರು ಬರೆದ ಪತ್ರಗಳು ಇವು. ಹೆಚ್ಚಿನವರ ಸಂಕಟ ಒಂದೇ: ಹಿಡಿದದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾ, ಸ್ವಲ್ಪ ಸಡಿಲ ಮಾಡಿದರೆ ತಪ್ಪಾ? ನಾನೂ ಹಾಲು ಬಿಟ್ಟವಳೇ, ಊಟದ ಬಗ್ಗೆ ಸಲಹೆ ಕೊಡುವುದೇ ನನ್ನ ಕೆಲಸ. ನನಗೆ ಸರಿ ಕಂಡದ್ದನ್ನು ನೇರವಾಗಿ ಹೇಳುತ್ತೇನೆ.

ಪ್ರಶ್ನೆ: ನಾನು ಉಡುಪಿಯವಳು. ಮಣಿಪಾಲದಲ್ಲಿ ಓದುವಾಗ ವೀಗನ್ ಆದೆ. ಕರುವಿಗೆ ಸೇರಬೇಕಾದ ಹಾಲು ನಮಗೆ ಯಾಕೆ ಅನಿಸಿತ್ತು, ಈಗಲೂ ಅನಿಸುತ್ತದೆ. ಈಗ ಜರ್ಮನಿಯ ಒಂದು ಸಣ್ಣ ಊರಲ್ಲಿ ಎಂ.ಎಸ್. ಮಾಡುತ್ತಿದ್ದೇನೆ. ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ವೀಗನ್ ಐಟಂ ಇರುತ್ತದೆ, ಕ್ಲಾಸ್ ಮುಗಿಸಿ ಹೋಗುವಷ್ಟರಲ್ಲಿ ಖಾಲಿ. ರಾತ್ರಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ತೂಕ ಇಳಿದಿದೆ. ರೂಮಿನವರು "ಓದು ಮುಗಿಯುವವರೆಗೆ ಚೀಸ್, ಮೊಸರು ತಿನ್ನು, ಊರಿಗೆ ಹೋದ ಮೇಲೆ ಮತ್ತೆ ಬಿಡು" ಅನ್ನುತ್ತಾರೆ. ತಿನ್ನಲಾ? ತಿಂದರೆ ನನಗೆ ನಾನೇ ಮೋಸ ಮಾಡಿಕೊಂಡ ಹಾಗೆ ಅಲ್ವಾ?

ಉತ್ತರ: ಮೊದಲು ತೂಕದ ವಿಷಯ. ನಿಮ್ಮ ತೂಕ ಇಳಿಯುತ್ತಿರುವುದು ನೀವು ವೀಗನ್ ಆಗಿರುವುದಕ್ಕೆ ಅಲ್ಲ, ಬ್ರೆಡ್ಡು ಆಲೂಗಡ್ಡೆ ತಿಂದು ಮಲಗುವುದಕ್ಕೆ. ಆ ತಟ್ಟೆಗೆ ಎರಡು ತುಂಡು ಚೀಸ್ ಸೇರಿಸಿದರೂ ಅದು ಒಳ್ಳೆಯ ಊಟ ಆಗುವುದಿಲ್ಲ. ಹಾಗಾಗಿ ಸಡಿಲ ಮಾಡಬೇಕಾ ಬೇಡವಾ ಎನ್ನುವ ಪ್ರಶ್ನೆಯನ್ನು ಒಂದು ತಿಂಗಳು ಪಕ್ಕಕ್ಕಿಡಿ. ಹೊಟ್ಟೆ ಹಸಿದಿರುವಾಗ, ಬೇರೆಯವರ ಪಿಜ್ಜಾದ ಪರಿಮಳ ಮೂಗಿಗೆ ಬರುತ್ತಿರುವಾಗ ಮಾಡಿದ ತೀರ್ಮಾನ ಮರುದಿನ ಬೆಳಿಗ್ಗೆ ಬೇಸರ ತರುತ್ತದೆ. ಮೊದಲು ಹೊಟ್ಟೆ ತುಂಬಲಿ.

ಜರ್ಮನಿಯಲ್ಲಿ ಇದು ಕಷ್ಟ ಇಲ್ಲ. ವೀಗನ್ ಸಾಮಾನು ಸುಲಭವಾಗಿ ಸಿಗುವ ದೇಶ ಅದು. ಲಿಡ್ಲ್ ಅಂಗಡಿಯವರು 2023ರ ಅಕ್ಟೋಬರಿನಲ್ಲಿ ತಮ್ಮದೇ ಬ್ರ್ಯಾಂಡಿನ ವೀಗನ್ ಸಾಮಾನುಗಳ ಬೆಲೆ ಇಳಿಸಿ ಹಾಲು, ಮಾಂಸದ ಸಾಮಾನುಗಳ ಬೆಲೆಗೆ ಸಮ ಮಾಡಿದರು. ಆದರೆ ನಿಮಗೆ ಬೇಕಾದ್ದು ಆ ಪ್ಯಾಕೆಟ್ ಬರ್ಗರುಗಳೂ ಅಲ್ಲ. ಡಬ್ಬಿಯಲ್ಲಿ ಬೇಯಿಸಿಟ್ಟ ಕಡಲೆ, ರಾಜ್ಮಾ, ಕೆಂಪು ಮಸೂರ್ ಬೇಳೆ, ತೋಫು (ಸೋಯಾ ಹಾಲಿನ ಪನೀರ್), ಫ್ರೋಜನ್ ಪಾಲಕ್, ತೆಂಗಿನಹಾಲಿನ ಡಬ್ಬಿ, ಇಷ್ಟು ಕಪಾಟಿನಲ್ಲಿ ಇರಲಿ. ಕೆಂಪು ಬೇಳೆ ನೆನೆಸುವುದು ಬೇಡ, ಕುಕ್ಕರು ಬೇಡ, ಸುಮ್ನೆ ಪಾತ್ರೆಯಲ್ಲಿ ಹಾಕಿಟ್ಟರೆ ಇಪ್ಪತ್ತು ನಿಮಿಷದೊಳಗೆ ಬೇಯುತ್ತದೆ. ಅದಕ್ಕೆ ಅಮ್ಮ ಕಟ್ಟಿಕೊಟ್ಟ ಹುಳಿ ಪುಡಿ ಒಂದು ಚಮಚ, ಹುಣಸೆ, ಬೆಲ್ಲ, ಮೇಲೆ ಸಾಸಿವೆ ಒಗ್ಗರಣೆ. ಶನಿವಾರ ಸಂಜೆ ದೊಡ್ಡ ಪಾತ್ರೆಯಲ್ಲಿ ಮಾಡಿ ಫ್ರಿಜ್‌ನಲ್ಲಿಟ್ಟರೆ ಮೂರು ರಾತ್ರಿ ಕಳೆಯುತ್ತದೆ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತದೆ, ಗೊತ್ತಲ್ಲ, ಖರೀದಿ ಶನಿವಾರವೇ ಮುಗಿಸಿ. ಮಧ್ಯಾಹ್ನಕ್ಕೆ ಕ್ಯಾಂಟೀನ್ ನಂಬಬೇಡಿ, ಡಬ್ಬಿ ಕಟ್ಟಿಕೊಂಡು ಹೋಗಿ.

ಮೊಸರನ್ನದ ಆಸೆ ಆಗುತ್ತಿರಬಹುದು. ನಮ್ಮ ಕಡೆಯವರಿಗೆ ಪರವೂರಲ್ಲಿ ಚೀಸ್‌ಗಿಂತ ಅದೇ ಜಾಸ್ತಿ ಕಾಡುವುದು. ಸಕ್ಕರೆ ಹಾಕದ ಸೋಯಾ ಮೊಸರು ತನ್ನಿ. ಅನ್ನ ಮೆತ್ತಗೆ ಮಾಡಿ, ಪೂರ್ತಿ ಆರಿದ ಮೇಲೆ ಕಲಸಿ, ಶುಂಠಿ, ಹಸಿಮೆಣಸು, ಕರಿಬೇವಿನ ಒಗ್ಗರಣೆ ಕೊಡಿ, ಒಂದರ್ಧ ಗಂಟೆ ಬಿಡಿ. ಬಿಸಿ ಅನ್ನಕ್ಕೆ ಕಲಸಿದರೆ ಸೋಯಾದ ವಾಸನೆ ಎದ್ದು ಬರುತ್ತದೆ, ಆರಿದ ಅನ್ನಕ್ಕೆ ಕಲಸಿದರೆ ಗೊತ್ತಾಗುವುದಿಲ್ಲ.

ಇನ್ನು ಮರೆಯಬಾರದ ಕೆಲವು ವಿಷಯ. ಬಿ12 ವಿಟಮಿನ್ ಗಿಡಮೂಲದ ಊಟದಲ್ಲಿ ನಂಬುವಷ್ಟು ಸಿಗುವುದಿಲ್ಲ. ಇದಕ್ಕೆ ಮಾತ್ರೆ ಬೇಕೇ ಬೇಕು, ಇದರಲ್ಲಿ ಸಡಿಲ ಇಲ್ಲ. ಬ್ರಿಟನ್‌ನ ವೀಗನ್ ಸೊಸೈಟಿ ಹೇಳುವ ಲೆಕ್ಕ ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ. ಕೊರತೆ ಆದರೆ ಸುಸ್ತು, ಕಾಲು ಜುಮ್ಮೆನ್ನುವುದು, ಮರೆವು ಶುರುವಾಗುತ್ತದೆ. ತಡ ಮಾಡಿದರೆ ನರಗಳಿಗೆ ಆದ ಹಾನಿ ಸರಿ ಹೋಗದೆಯೂ ಉಳಿಯಬಹುದು.

ಓಟ್ಸ್ ಹಾಲು, ಸೋಯಾ ಹಾಲು ತೆಗೆದುಕೊಳ್ಳುವಾಗ ‘ಬಯೋ’ ಎಂದು ಬರೆದದ್ದು ಒಳ್ಳೆಯದು ಅಂದುಕೊಂಡು ಅದನ್ನೇ ಎತ್ತಿಕೊಳ್ಳಬೇಡಿ. ಯುರೋಪಿನ ಸಾವಯವ ನಿಯಮದ ಪ್ರಕಾರ ಅಂಥ ಹಾಲಿಗೆ ಕ್ಯಾಲ್ಸಿಯಂ, ವಿಟಮಿನ್ ಬೆರೆಸುವ ಹಾಗಿಲ್ಲ. ಬಯೋ ಅಲ್ಲದ ಹಾಲಿನಲ್ಲಿ ಬೆರೆಸಿರುತ್ತಾರೆ, 100 ಎಂ.ಎಲ್.ಗೆ 120 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಬರೆದಿರುವುದನ್ನು ನೋಡಿ ತನ್ನಿ. ದನದ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುವುದು. ಉಪ್ಪು ಕೂಡ ನೋಡಿ. ನಮ್ಮಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಕಡ್ಡಾಯ, ಅಲ್ಲಿ ಎರಡೂ ಥರದ ಉಪ್ಪು ಮಾರುತ್ತಾರೆ. ಅಯೋಡಿನ್ ಇರುವ ಪ್ಯಾಕೆಟ್ಟೇ ಬೇಕು. ಚಳಿಗಾಲದಲ್ಲಿ ಬಿಸಿಲು ಇಲ್ಲ, ವಿಟಮಿನ್ ಡಿ ಬಗ್ಗೆ ಡಾಕ್ಟರ ಹತ್ತಿರ ಕೇಳಿ.

ಈಗ ಸಡಿಲ ಮಾಡುವ ವಿಷಯ. ಎಲ್ಲ ಸಡಿಲಿಕೆಯೂ ಒಂದೇ ಅಲ್ಲ. ಪ್ಯಾಕೆಟ್ ಮೇಲೆ "ಹಾಲಿನ ಅಂಶ ಇರಬಹುದು" ಎಂದು ಬರೆದಿದ್ದರೆ ಅದು ಅಲರ್ಜಿ ಇರುವವರಿಗೆ ಕೊಟ್ಟ ಎಚ್ಚರಿಕೆ. ಅದೇ ಮೆಷಿನಿನಲ್ಲಿ ಬೇರೇನೋ ತಯಾರಾಗಿದೆ ಅಂತ ಅರ್ಥ. ಅದನ್ನು ಧೈರ್ಯವಾಗಿ ತಿನ್ನಿ, ಕರುವಿಗೆ ಅದರಿಂದ ಏನೂ ಆಗುವುದಿಲ್ಲ. ಮಾತ್ರೆಯಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಕ್ಯಾಪ್ಸೂಲಿನಲ್ಲಿ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು) ಇದ್ದರೂ ಡಾಕ್ಟರು ಕೊಟ್ಟ ಔಷಧಿ ಬಿಡಬೇಡಿ. ವೀಗನ್ ಸೊಸೈಟಿ 1944ರಲ್ಲಿ ಹುಟ್ಟಿದ್ದು, ವೀಗನ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಅವರೇ ತಮ್ಮ ವ್ಯಾಖ್ಯೆಯಲ್ಲಿ "ಸಾಧ್ಯವಾದಷ್ಟು, ನಡೆಸಿಕೊಂಡು ಹೋಗಲು ಆಗುವಷ್ಟು" ಎನ್ನುವ ಅರ್ಥದ ಮಾತು ಇಟ್ಟಿದ್ದಾರೆ. ಅವರಿಗಿಂತ ಬಿಗಿಯಾಗಿ ನೀವು ಇರಬೇಕಾಗಿಲ್ಲ.

ಆದರೆ ಚೀಸ್ ಬೇರೆ ವಿಷಯ, ಅದಕ್ಕೆ ಸ್ವಲ್ಪ ನಿಲ್ಲಿ. ಯುರೋಪಿನ ಎಷ್ಟೋ ಚೀಸ್‌ಗಳಲ್ಲಿ ಹಾಲು ಒಡೆಯಲು ರೆನ್ನೆಟ್ ಹಾಕುತ್ತಾರೆ. ಅದು ಕರುವಿನ ಹೊಟ್ಟೆಯಿಂದ ತೆಗೆದದ್ದು. ಪಾರ್ಮಿಜಾನೊ ರೆಜ್ಜಾನೊ ಎಂಬ ಇಟಲಿಯ ಚೀಸ್‌ಗೆ ಅದೇ ಬೇಕು ಎಂಬ ನಿಯಮವೇ ಉಂಟು. ಅಂದರೆ ವೀಗನ್‌ನಿಂದ ಒಂದು ಮೆಟ್ಟಿಲು ಇಳಿದು ಸಸ್ಯಾಹಾರಕ್ಕೆ ಬಂದೆ ಅಂದುಕೊಂಡು ನೀವು ಚೀಸ್ ತಿಂದರೆ, ಊರಲ್ಲಿ ವೀಗನ್ ಆಗುವ ಮೊದಲೂ ಮುಟ್ಟದಿದ್ದದ್ದನ್ನು ತಿಂದ ಹಾಗಾಗುತ್ತದೆ. ಕೆಲವು ಸಿಹಿ ಮೊಸರುಗಳಿಗೂ ಗಟ್ಟಿಯಾಗಲಿ ಅಂತ ಜೆಲಟಿನ್ ಹಾಕಿರುತ್ತಾರೆ. ಹಾಲು, ಮೊಟ್ಟೆ ಅಲರ್ಜಿ ಪಟ್ಟಿಯಲ್ಲಿ ಇರುವುದರಿಂದ ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಕಾಣುತ್ತವೆ. ಜೆಲಟಿನ್ ಆ ಪಟ್ಟಿಯಲ್ಲಿ ಇಲ್ಲ, ಹುಡುಕಿ ಓದಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಚೀಸ್ ಬೇಡ. ಒಂದು ತಿಂಗಳು ಸರಿಯಾಗಿ ಅಡುಗೆ ಮಾಡಿ ತಿಂದ ಮೇಲೂ ತೂಕ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಆಗಲೂ ಆಗುವುದಿಲ್ಲ ಅನಿಸಿದರೆ ಸಾದಾ ಮೊಸರು ತಿನ್ನಿ, ಆದರೆ ಯಾವುದು, ಎಲ್ಲಿ, ಎಲ್ಲಿಯವರೆಗೆ ಎನ್ನುವುದನ್ನು ನೀವೇ ಕೂತು ನಿಶ್ಚಯಿಸಿ. "ಪರೀಕ್ಷೆ ಮುಗಿಯುವವರೆಗೆ, ಸಾದಾ ಮೊಸರು ಮಾತ್ರ" ಅಂತ ಇಟ್ಟುಕೊಂಡವರು ಹಿಂದೆ ಬರುತ್ತಾರೆ. "ಸಿಕ್ಕಿದ್ದು ತಿನ್ನುತ್ತೇನೆ" ಅಂದವರು ಹಿಂದೆ ಬರುವುದು ಕಡಿಮೆ. ಮೋಸ ಅನ್ನುವ ಮಾತು ಇಲ್ಲಿ ಬೇಡ. ಗೊತ್ತಿದ್ದು, ಕಾರಣ ಇಟ್ಟುಕೊಂಡು, ಯಾರಿಂದಲೂ ಮುಚ್ಚಿಡದೆ ಮಾಡಿದ್ದು ಮೋಸ ಹೇಗಾಗುತ್ತದೆ?

ಪ್ರಶ್ನೆ: ನನ್ನ ಮಗ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಹೋದ ಮೇಲೆ ಹಾಲು, ತುಪ್ಪ ಎಲ್ಲ ಬಿಟ್ಟಿದ್ದಾನೆ. ಕಳೆದ ಸಲ ಬಂದಾಗ ಅನ್ನಕ್ಕೆ ತುಪ್ಪ ಬಡಿಸಲು ಹೋದರೆ ಕೈ ಅಡ್ಡ ಹಿಡಿದ. ಮಠಕ್ಕೆ ಹೋದರೆ ಪ್ರಸಾದವನ್ನೂ ತಿನ್ನಲಿಲ್ಲ. ನನಗೆ ರಾತ್ರಿ ನಿದ್ರೆ ಬರಲಿಲ್ಲ. ಈ ವರ್ಷ ಅಷ್ಟಮಿಗೆ ಬರುತ್ತಾನಂತೆ. ಅಲ್ಲಿ ಬೇಕಾದ ಹಾಗೆ ಇರಲಿ, ಮನೆಗೆ ಬಂದಾಗಲಾದರೂ ಸಡಿಲ ಮಾಡಬಹುದಲ್ಲ? ಅವನಿಗೆ ಏನು ಬಡಿಸುವುದು?

ಉತ್ತರ: ಅಮ್ಮಾ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ತುಪ್ಪ ಬಡಿಸುವುದು ಬರೀ ರುಚಿಗಲ್ಲ, ಅದರಲ್ಲಿ ಅಮ್ಮನ ಕೈ ಉಂಟು. ಆದರೆ ಅವನು ಬೇಡ ಅಂದದ್ದು ತುಪ್ಪವನ್ನು, ನಿಮ್ಮನ್ನಲ್ಲ.

ಒಂದು ವಿಷಯ ಯೋಚಿಸಿ. ನಿಮ್ಮ ಮನೆಯಲ್ಲಿ ಚಾತುರ್ಮಾಸ್ಯ ನೋಡಿಯೇ ಇರುತ್ತೀರಿ. ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಗೆ ಒಂದು ತಿಂಗಳು ಬೇಳೆಕಾಳಿಲ್ಲ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಅಂತ ಅಜ್ಜಿಯಂದಿರು ಸಲೀಸಾಗಿ ನಡೆಸಿಕೊಂಡು ಬಂದದ್ದು. ದಧಿವ್ರತದಲ್ಲಿ ಮಾವ ಮಜ್ಜಿಗೆ ಬೇಡ ಅಂದರೆ ಸೊಸೆಗೆ ಅವಮಾನ ಆಗುತ್ತಿರಲಿಲ್ಲ. ಬಿಡುವುದನ್ನು ಗೌರವಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಮೊದಲೇ ಉಂಟು. ಮಗನದ್ದು ವ್ರತ ಅಲ್ಲ ನಿಜ, ಅವನ ಕಾರಣ ಬೇರೆ. ಆದರೆ ಅವನಿಗೆ ಅದು ಅಷ್ಟೇ ಗಂಭೀರ. ಸಡಿಲ ಮಾಡು ಅಂತ ಒತ್ತಾಯ ಮಾಡಬೇಡಿ. ಕಣ್ಣು ತಪ್ಪಿಸಿ ಸಾರಿಗೆ ತುಪ್ಪದ ಒಗ್ಗರಣೆ ಅಂತೂ ಖಂಡಿತ ಬೇಡ, ಗೊತ್ತಾದರೆ ಆಮೇಲೆ ನೀವು ಮಾಡಿದ ಯಾವುದನ್ನೂ ನೆಮ್ಮದಿಯಾಗಿ ತಿನ್ನಲಾರ.

ಬಡಿಸುವುದಕ್ಕೆ ಎಷ್ಟು ಉಂಟು ಅಂದರೆ ರಜೆ ಸಾಲುವುದಿಲ್ಲ. ಕರಾವಳಿಯ ಅಡುಗೆಗೆ ತೆಂಗಿನಕಾಯಿ, ತೆಂಗಿನೆಣ್ಣೆಯೇ ಆಧಾರ, ತುಪ್ಪ ಮೇಲಿನ ಅಲಂಕಾರ. ಬೆಳಿಗ್ಗೆಗೆ ನೀರುದೋಸೆ, ಪುಂಡಿ, ಮೂಡೆ, ಹಲಸಿನೆಲೆಯ ಕೊಟ್ಟೆ ಕಡುಬು. ಒತ್ತುಶ್ಯಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು. ಮಧ್ಯಾಹ್ನಕ್ಕೆ ಮಂಗಳೂರು ಸೌತೆಯ ಕೊದ್ದೆಲ್, ಮಟ್ಟುಗುಳ್ಳದ ಬೋಳು ಕೊದ್ದೆಲ್, ಅನಾನಸಿನ ಮೆಣಸ್ಕಾಯಿ, ತೊಂಡೆಕಾಯಿ ಪಲ್ಯ, ಕೋಸಂಬರಿ, ಹೀರೆಕಾಯಿ ಸಿಪ್ಪೆಯ ಚಟ್ನಿ. ಮಳೆಗಾಲ ಆದ್ದರಿಂದ ಪತ್ರೊಡೆ ಬಿಡಬೇಡಿ, ಕೆಸುವಿನೆಲೆ ಡಬ್ಲಿನ್‌ನಲ್ಲಿ ಅವನಿಗೆ ಎಲ್ಲಿ ಸಿಗುತ್ತದೆ? ಕಡಲೆಬೇಳೆ ಪಾಯಸಕ್ಕೆ ಹೇಗೂ ತೆಂಗಿನ ಹಾಲು, ಗೇರುಬೀಜವನ್ನು ತುಪ್ಪದ ಬದಲು ಒಳ್ಳೆಯ ತೆಂಗಿನೆಣ್ಣೆಯಲ್ಲಿ ಹುರಿದು ಹಾಕಿ. ಬಾಳೆಹಣ್ಣಿನ ರಸಾಯನವೂ ಹಾಗೇ.

ಅಷ್ಟಮಿಯ ಎಳ್ಳುಂಡೆ, ನೆಲಗಡಲೆ ಉಂಡೆ, ಅರಳುಂಡೆ ಬೆಲ್ಲದ ಪಾಕದಲ್ಲೇ ನಿಲ್ಲುತ್ತವೆ, ಅವಕ್ಕೆ ತುಪ್ಪ ಬೇಕಿಲ್ಲ. ಕೈಗೆ ಹಚ್ಚಿಕೊಳ್ಳಲು ತೆಂಗಿನೆಣ್ಣೆ ಸಾಕು. ಚಕ್ಕುಲಿಗೆ ಬೆಣ್ಣೆಯ ಬದಲು ಚೆನ್ನಾಗಿ ಕಾಯಿಸಿದ ತೆಂಗಿನೆಣ್ಣೆಯನ್ನು ಹಿಟ್ಟಿನ ಮೇಲೆ ಹಾಕಿ, ಅದು ಚುರ್ ಅನ್ನಬೇಕು, ಆಗ ಗರಿಗರಿ ಬರುತ್ತದೆ. ಹೊರಗೆ ಹೋದಾಗ ಗೋಳಿಬಜೆ, ಬನ್ಸ್ ಅವನಿಗೆ ಆಗುವುದಿಲ್ಲ, ಎರಡಕ್ಕೂ ಮೊಸರು ಹಾಕಿಯೇ ಕಲಸುವುದು. ಮನೆಯಲ್ಲಾದರೆ ಮೊಸರನ್ನೂ ಮಾಡಬಹುದು. ಗೇರುಬೀಜವನ್ನು ನೆನೆಸಿ ನುಣ್ಣಗೆ ರುಬ್ಬಿ, ನೀರು ಸೇರಿಸಿ ಕುದಿಸಿ, ಬೆರಳು ಇಟ್ಟರೆ ಹಿತ ಅನಿಸುವಷ್ಟು ಬೆಚ್ಚಗೆ ಇರುವಾಗ ಏಳೆಂಟು ಹಸಿಮೆಣಸಿನ ತೊಟ್ಟು ಹಾಕಿ ಮುಚ್ಚಿಡಿ. ಮರುದಿನಕ್ಕೆ ಹುಳಿ ಬರುತ್ತದೆ. ಮೊದಲ ಸಲ ಸ್ವಲ್ಪ ತೆಳ್ಳಗಿರುತ್ತದೆ, ಅದನ್ನೇ ಹೆಪ್ಪಾಗಿ ಇಟ್ಟು ಎರಡನೇ ಸಲ ಮಾಡಿದರೆ ಗಟ್ಟಿ.

ಪ್ರಸಾದದ ಮಾತು. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು ಎಲ್ಲ ಇರುತ್ತದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ನಿಮ್ಮ ಕೈಗೆ ಕೊಡಲಿ, ನೀವು ತೆಗೆದುಕೊಳ್ಳಿ. ತುಳಸಿ ತೀರ್ಥ ತೆಗೆದುಕೊಳ್ಳಲು ಅವನಿಗೆ ಏನೂ ಅಡ್ಡಿ ಇಲ್ಲ. ಹೋಗುವ ಮೊದಲೇ ಇಷ್ಟು ಮಾತಾಡಿಕೊಂಡರೆ ಗರ್ಭಗುಡಿಯ ಮುಂದೆ ಮುಖ ಸಣ್ಣ ಮಾಡುವ ಪ್ರಸಂಗ ಬರುವುದಿಲ್ಲ. ಇನ್ನೊಂದು: ಹೊರಡುವಾಗ ತುಪ್ಪ, ಪೇಡಾ ಕಟ್ಟಿಕೊಡುವುದು ಅವನು ತಿನ್ನುತ್ತಿದ್ದರೂ ಆಗುತ್ತಿರಲಿಲ್ಲ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ಲಗೇಜಿನಲ್ಲಿ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ, ಐರ್ಲೆಂಡ್ ಆ ಒಕ್ಕೂಟದಲ್ಲೇ ಇರುವುದು. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಒಣಗಿಸಿದ ಪುನರ್ಪುಳಿ ಕಟ್ಟಿಕೊಡಿ.

ಪ್ರಶ್ನೆ: ಪುತ್ತೂರಿನವನು, ದುಬೈಯಲ್ಲಿದ್ದೇನೆ. ಮೀನು ಇಲ್ಲದೆ ಊಟ ಇಲ್ಲ ಅನ್ನುತ್ತಿದ್ದವನು ಈಗ ಮೀನು, ಕೋಳಿ, ಹಾಲು ಎಲ್ಲ ಬಿಟ್ಟಿದ್ದೇನೆ. ರೂಮಿನಲ್ಲಿ ನಾಲ್ಕು ಜನ, ಎಲ್ಲ ಊರಿನವರೇ, ಬಂಗುಡೆ ಪುಳಿಮುಂಚಿ ಮಾಡುತ್ತಾರೆ. ಮೀನು ಬಿಟ್ಟು ಬರೀ ಗಸಿ ಹಾಕಿಕೊಂಡರೆ ಆಗುತ್ತದಾ? ಹೊರಗೆ ಏನು ತಿನ್ನಬಹುದು?

ಉತ್ತರ: ಗಸಿ ಹಾಕಿಕೊಳ್ಳುವುದರಿಂದ ಇನ್ನೊಂದು ಬಂಗುಡೆ ಸಾಯುವುದಿಲ್ಲ, ಆ ಲೆಕ್ಕ ಸರಿ. ಆದರೆ ದಿನಾ ಗಸಿ ಹಾಕಿಕೊಂಡರೆ ನಾಲ್ಕು ಜನರ ಅಡುಗೆ ನಾಲ್ಕು ಜನರದ್ದಾಗಿಯೇ ಉಳಿಯುತ್ತದೆ, ಮಸಾಲೆಗೆ ಸರಿಯಾಗಿ ಮೀನೂ ಅಷ್ಟೇ ಬರುತ್ತದೆ. ಬಾಯಿಗೆ ಮೀನಿನ ರುಚಿ ಇದ್ದರೆ ಬಿಟ್ಟದ್ದು ಬಿಟ್ಟ ಹಾಗೂ ಆಗುವುದಿಲ್ಲ. ಸುಲಭ ದಾರಿ ಉಂಟು ಮಾರಾಯ್ರೆ. ಮಸಾಲೆ ಕುದಿಯುತ್ತಿರುವಾಗ, ಮೀನು ಹಾಕುವ ಮೊದಲು, ಎರಡು ಸೌಟು ತೆಗೆದು ಬೇರೆ ಪಾತ್ರೆಗೆ ಹಾಕಿ. ಅದಕ್ಕೆ ಅಣಬೆಯೋ ಬದನೆಯೋ ಸಣ್ಣ ಆಲೂಗಡ್ಡೆಯೋ ಹಾಕಿ ಬೇಯಿಸಿ. ಪುಳಿಮುಂಚಿಯ ರುಚಿ ಇರುವುದು ಹುಳಿ, ಮೆಣಸಿನಲ್ಲಿ. ಅಡುಗೆ ಮಾಡುವವರಿಗೂ ಎರಡು ಸಲ ಕೆಲಸ ಆಗುವುದಿಲ್ಲ, ನೀವು ತರಕಾರಿ ಹೆಚ್ಚಿಕೊಟ್ಟರೆ ಮುಗಿಯಿತು.

ಹೊರಗಿನ ಊಟಕ್ಕೆ ಗಲ್ಫ್ ಒಳ್ಳೆಯ ಜಾಗ. ಹಮ್ಮೂಸ್ ಕಡಲೆ, ಎಳ್ಳಿನಿಂದ ಮಾಡಿದ್ದು. ಫಲಾಫೆಲ್, ಫೂಲ್ ಎನ್ನುವ ದೊಡ್ಡ ಅವರೆಯಂಥ ಕಾಳಿನ ಗೊಜ್ಜು, ತಬ್ಬೂಲೆ ಎನ್ನುವ ಸೊಪ್ಪಿನ ಸಲಾಡ್, ಖುಬ್ಬೂಸ್ ರೊಟ್ಟಿ, ಎಲ್ಲ ಆಗುತ್ತದೆ. ಲಬ್ನೆ ಬೇಡ, ಅದು ಮೊಸರು. ಫಲಾಫೆಲ್ ಸ್ಯಾಂಡ್‌ವಿಚ್‌ಗೆ ಬಿಳಿ ಸಾಸ್ ಹಾಕುವ ಮೊದಲು ಯಾವುದು ಅಂತ ಕೇಳಿ, ಎಳ್ಳಿನ ತಹೀನಿ ಆದರೆ ಸರಿ, ಮಯೋನೀಸ್ ಆದರೆ ಬೇಡ. ಬೇಳೆ ಸೂಪಿಗೆ ಕೆಲವು ಕಡೆ ಕೋಳಿಯ ನೀರು ಹಾಕುತ್ತಾರೆ, ಅದನ್ನೂ ಕೇಳಿ. ಉಡುಪಿ ಹೋಟೆಲುಗಳಲ್ಲಿ ಮಸಾಲೆದೋಸೆಗೆ ಎಣ್ಣೆಯೇ ಹಾಕಿ ಅಂತ ಮೊದಲೇ ಹೇಳಿದರೆ ಸಾಕು. ಬಿ12 ಮಾತ್ರೆ ನಿಮಗೂ ಬೇಕು, ಮೀನು ಬಿಟ್ಟ ಮೇಲಂತೂ ಖಂಡಿತ.

ಪ್ರಶ್ನೆ: ಸುರತ್ಕಲ್‌ನವಳು, ಮದುವೆಯಾಗಿ ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ಈಗ ಎರಡು ತಿಂಗಳ ಗರ್ಭಿಣಿ. ಅತ್ತೆ ಫೋನಿನಲ್ಲಿ ದಿನಾ "ಹಾಲು ಕುಡಿ, ಮಗುವಿನ ಮೇಲೆ ಪ್ರಯೋಗ ಮಾಡಬೇಡ" ಅನ್ನುತ್ತಾರೆ. ಹೆದರಿಕೆ ಆಗುತ್ತದೆ. ವೀಗನ್ ಊಟ ಬಿಡಬೇಕಾ?

ಉತ್ತರ: ಹೆದರಬೇಡಿ, ಆದರೆ ಅಸಡ್ಡೆಯೂ ಬೇಡ. ಸರಿಯಾಗಿ ಯೋಜನೆ ಮಾಡಿಕೊಂಡರೆ ಗರ್ಭಿಣಿಯಾಗಿದ್ದಾಗಲೂ ವೀಗನ್ ಊಟದಲ್ಲಿ ಇರಬಹುದು. ಯೋಜನೆ ಇಲ್ಲದೆ ಆಗುವುದೇ ಇಲ್ಲ. ಈ ವಾರವೇ ನಿಮ್ಮ ಮಿಡ್‌ವೈಫ್ ಹತ್ತಿರ ನೀವು ವೀಗನ್ ಎಂದು ಹೇಳಿ, ಡಯಟೀಷಿಯನ್‌ಗೆ ಬರೆದುಕೊಡಲು ಕೇಳಿ. ಬಿ12 ರಕ್ತಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ ಮಾಡಿಸಿ. ಬ್ರಿಟನ್‌ನಲ್ಲಿ ಎಲ್ಲ ಗರ್ಭಿಣಿಯರಿಗೂ 12 ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಜೊತೆಗೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಹೇಳುತ್ತಾರೆ. ಅದನ್ನು ತೆಗೆದುಕೊಳ್ಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಆದರೆ ಫೋಲಿಕ್ ಆಸಿಡ್ ಇದ್ದರೆ ಸಾಕು ಅಂತ ಕೂರಬೇಡಿ. ಬಿ12 ಕಡಿಮೆ ಇದ್ದರೂ ಫೋಲಿಕ್ ಆಸಿಡ್‌ನಿಂದಾಗಿ ರಕ್ತಹೀನತೆ ಕಾಣದೇ ಹೋಗಬಹುದು, ಒಳಗೆ ನರಗಳಿಗೆ ಆಗುವ ಹಾನಿ ನಿಲ್ಲುವುದಿಲ್ಲ. ಮಗುವಿಗೆ ಬಿ12 ಸಿಗಬೇಕಾದ್ದು ನಿಮ್ಮಿಂದಲೇ, ಹುಟ್ಟಿದ ಮೇಲೆ ಎದೆಹಾಲಿನಲ್ಲೂ ನಿಮ್ಮಿಂದಲೇ.

ಅಯೋಡಿನ್ ಎರಡನೆಯದು. ಬ್ರಿಟನ್‌ನ ಅಂಗಡಿ ಉಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಇರುವುದಿಲ್ಲ. ಅಲ್ಲಿಯ ಜನಕ್ಕೆ ಅದು ಹೆಚ್ಚಾಗಿ ಹಾಲು, ಮೀನಿನಿಂದ ಸಿಗುತ್ತದೆ, ನಿಮಗೆ ಎರಡೂ ಇಲ್ಲ. ಮಗುವಿನ ಮೆದುಳು ಬೆಳೆಯಲು ಇದು ಬೇಕು. ಎಷ್ಟು ಅಂತ ಡಾಕ್ಟರು ಹೇಳಲಿ. ಕಡಲಕಳೆಯ ಮಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಅದರಲ್ಲಿ ಅಯೋಡಿನ್ ಅತಿಯಾಗಿ ಇರಬಹುದು. ಕಬ್ಬಿಣದ ಅಂಶಕ್ಕೆ ಬೇಳೆ, ಸೊಪ್ಪಿನ ಜೊತೆ ನಿಂಬೆರಸ ಇರಲಿ, ಊಟ ಆದ ತಕ್ಷಣ ಚಹಾ ಬೇಡ.

ಅತ್ತೆಯ ಹತ್ತಿರ ವಾದ ಮಾಡಬೇಡಿ. ಅವರಿಂದ ರಾಗಿ ಮಣ್ಣಿ ಮಾಡುವುದನ್ನು ಕೇಳಿಕೊಳ್ಳಿ, ತೆಂಗಿನಹಾಲು, ಬೆಲ್ಲ ಹಾಕಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಉಂಟು. ರುಬ್ಬಿ ಸೋಸಿದರೆ ಸಿಪ್ಪೆಯ ಜೊತೆ ಒಂದಷ್ಟು ಹೋಗುತ್ತದೆ, ಹಾಗಾಗಿ ಹಿಟ್ಟಿನಲ್ಲೇ ಮಾಡಿ. ಡಾಕ್ಟರು ಏನು ಹೇಳಿದರು ಎನ್ನುವುದನ್ನೂ ಅವರಿಗೆ ಪ್ರತಿ ಸಲ ಹೇಳಿ, ಅವರ ಹೆದರಿಕೆ ಮಗುವಿನ ಮೇಲಿನ ಪ್ರೀತಿಯದ್ದೇ ಅಲ್ವಾ.

ಮತ್ತೆ ಸಡಿಲದ ಮಾತು. ವಾಂತಿ ಜಾಸ್ತಿಯಾಗಿ ಏನೂ ಹೊಟ್ಟೆಯಲ್ಲಿ ನಿಲ್ಲದೆ, ಒಂದು ಬಟ್ಟಲು ಮೊಸರನ್ನ ಮಾತ್ರ ನಿಲ್ಲುತ್ತದೆ ಅನ್ನುವ ದಿನ ಬಂದರೆ ಅದನ್ನು ತಿನ್ನಿ. ಯೋಚನೆಯನ್ನೇ ಮಾಡಬೇಡಿ. ಆ ದಿನಗಳು ಕಳೆದ ಮೇಲೆ ಮತ್ತೆ ನಿಮ್ಮ ದಾರಿಗೆ ಬನ್ನಿ.

ಪ್ರಶ್ನೆ: ಮಂಗಳೂರಿನ ಇಂಜಿನಿಯರ್. ಕಂಪನಿಯವರು ಕೆಲವು ತಿಂಗಳಿಗೆ ಜಪಾನಿಗೆ ಕಳಿಸುತ್ತಿದ್ದಾರೆ. ಅಲ್ಲಿ ವೀಗನ್ ಆಗಿರುವುದು ಸಾಧ್ಯವಾ?

ಉತ್ತರ: ಸಾಧ್ಯ, ಆದರೆ ಹೋಟೆಲ್ ನಂಬಿ ಅಲ್ಲ. ಜಪಾನಿನ ಅಡುಗೆಗೆ ಬುಡವೇ ದಾಶಿ ಎನ್ನುವ ನೀರು. ಒಣಗಿಸಿದ ಮೀನಿನ ಚೂರು, ಕಡಲಕಳೆ ಹಾಕಿ ಕುದಿಸಿದ್ದು. ಮಿಸೊ ಸೂಪ್, ನೂಡಲ್ಸ್‌ನ ರಸ, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಮೀನು ಕಾಣದ ಕಾರಣ ಅವರು ಸಸ್ಯಾಹಾರ ಅಂತಲೇ ಬಡಿಸುತ್ತಾರೆ. ಮೀನಿನ ದಾಶಿಯೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿ ಇರಲಿ.

ಅಲ್ಲಿಯ ಬೌದ್ಧ ಮಠಗಳ ಅಡುಗೆಗೆ ಶೋಜಿನ್ ರ್ಯೋರಿ ಅನ್ನುತ್ತಾರೆ. ಅದರಲ್ಲಿ ಮೀನು, ಮಾಂಸ ಇಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಉಡುಪಿಯವರಿಗೆ ಕೂಡಲೇ ಹೊಂದುತ್ತದೆ. ಕೋಯಾಸಾನ್ ಎಂಬ ಬೆಟ್ಟದ ಮೇಲೆ ಮಠಗಳಲ್ಲಿ ಉಳಿದುಕೊಂಡು ಆ ಊಟ ಮಾಡಬಹುದು, ರಜೆಯಲ್ಲಿ ಹೋಗಿ ಬನ್ನಿ. ಟೋಕಿಯೊದಲ್ಲಿ ಇರುವುದಾದರೆ ನಿಶಿ ಕಸಾಯ್ ಕಡೆ ಭಾರತದವರು ಜಾಸ್ತಿ, ನಮ್ಮ ದಿನಸಿಯೂ ಸಿಗುತ್ತದೆ. ಕಂಪನಿಯವರ ಹತ್ತಿರ ಅಡುಗೆಮನೆ ಇರುವ ರೂಮೇ ಬೇಕು ಅಂತ ಈಗಲೇ ಹೇಳಿ, ಅಲ್ಲಿಗೆ ಹೋದ ಮೇಲೆ ಬದಲಿಸುವುದು ಕಷ್ಟ. ಅನ್ನ, ತೋಫು, ಎಳ್ಳು, ಸೊಪ್ಪು ಎಲ್ಲ ಕಡೆ ಸಿಗುವುದರಿಂದ ಮನೆಯ ಊಟಕ್ಕೆ ತೊಂದರೆ ಇಲ್ಲ. ಆಫೀಸಿನವರು ಪ್ರೀತಿಯಿಂದ ಕರೆದ ಊಟದಲ್ಲಿ ದಾಶಿ ಇದ್ದರೆ ಏನು ಮಾಡುತ್ತೀರಿ ಎನ್ನುವುದನ್ನು ಇಲ್ಲಿಂದ ಹೊರಡುವ ಮೊದಲೇ ತೀರ್ಮಾನಿಸಿ. ನಾನಾದರೆ ಮುಂಚಿನ ದಿನವೇ ವಿಷಯ ತಿಳಿಸಿ, ಅಲ್ಲಿ ಸಾದಾ ಅನ್ನ, ತಣ್ಣನೆಯ ತೋಫು ತಿಂದು ಮಾತಾಡುತ್ತಾ ಕೂರುತ್ತೇನೆ.

ಪ್ರಶ್ನೆ: ವಿಮಾನದಲ್ಲಿ ಹಿಂದೂ ಊಟ ಅಂತ ಬುಕ್ ಮಾಡಿದ್ದೆ, ಪನೀರ್ ಕೊಟ್ಟರು. ಏನಂತ ಬುಕ್ ಮಾಡಬೇಕು?

ಉತ್ತರ: ವಿ.ಜಿ.ಎಂ.ಎಲ್. ಎನ್ನುವ ಕೋಡ್ ನೋಡಿ ಬುಕ್ ಮಾಡಿ, ಅದೇ ವೀಗನ್. ಎ.ವಿ.ಎಂ.ಎಲ್. ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ, ಅದರಲ್ಲಿ ಪನೀರ್, ಮೊಸರು ಇರುತ್ತದೆ. ಹೆಚ್ಚಿನ ಕಂಪನಿಗಳಿಗೆ ಕನಿಷ್ಠ 24 ಗಂಟೆ ಮೊದಲು ಹೇಳಬೇಕು. ಎರಡು ವಿಮಾನ ಬದಲಿಸುವುದಿದ್ದರೆ ಎರಡಕ್ಕೂ ದಾಖಲಾಗಿದೆಯಾ ನೋಡಿ. ಚೀಲದಲ್ಲಿ ಅವಲಕ್ಕಿಯೋ ಚಟ್ನಿಪುಡಿ ಸವರಿದ ದೋಸೆಯೋ ಇರಲಿ. ಹಸಿ ಚಟ್ನಿ ಬೇಡ, 100 ಎಂ.ಎಲ್.ಗಿಂತ ಜಾಸ್ತಿ ಇದ್ದರೆ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಸೆಕ್ಯೂರಿಟಿಯವರು ತೆಗೆದಿಡುತ್ತಾರೆ.